ಮುರಕಲ್ಲನ್ನು ಪುಡಿ ಮಾಡದೆ ಲೇಸರಿನಲ್ಲಿ ಪರೀಕ್ಷೆ ಮಾಡಬಹುದೇ?

ಪ್ರಶ್ನೆ: ಉಡುಪಿ ಕಡೆಯ ಮುರಕಲ್ಲಿನ (ಜಂಬಿಟ್ಟಿಗೆ, ಅಂದರೆ ಲ್ಯಾಟರೈಟ್) ತುಂಡಿಗೆ ಲೇಸರ್ ಹೊಡೆದರೆ ಅದರಲ್ಲಿ ಏನೇನು ಎಷ್ಟೆಷ್ಟಿದೆ ಎಂದು ತಿಳಿಯುತ್ತದಂತೆ. ಹಾಗಾದರೆ ಪುಡಿ ಮಾಡುವುದೇ ಬೇಡವೇ?

ಏನಿದೆ ಎಂದು ತಿಳಿಯಲು ಬೇಡ. ಎಷ್ಟಿದೆ ಎಂದು ಹೇಳಬೇಕಾದರೆ, ಮುರಕಲ್ಲಿನ ಮಟ್ಟಿಗಂತೂ, ಪುಡಿ ಮಾಡಲೇಬೇಕು.

ಈ ವಿಧಾನದ ಹೆಸರು ಲಿಬ್ಸ್ (ಲೇಸರ್ ಇಂಡ್ಯೂಸ್ಡ್ ಬ್ರೇಕ್‌ಡೌನ್ ಸ್ಪೆಕ್ಟ್ರೊಸ್ಕೋಪಿ): ಲೇಸರಿನಿಂದ ಕಲ್ಲನ್ನು ಆವಿ ಮಾಡಿ, ಆ ಆವಿಯ ಬೆಳಕಿನಿಂದ ಧಾತುಗಳನ್ನು ಗುರುತಿಸುವುದು. ಚಂದ್ರಯಾನ-3ರ ಪ್ರಜ್ಞಾನ್ ರೋವರ್ 2023ರ ಆಗಸ್ಟಿನಲ್ಲಿ ಚಂದ್ರನ ನೆಲದಲ್ಲಿ ಗಂಧಕ ಪತ್ತೆ ಮಾಡಿದ್ದು ಇದರಿಂದಲೇ. ಸಾಮಾನ್ಯವಾಗಿ 1064 ನ್ಯಾನೋಮೀಟರಿನ ಲೇಸರ್ ಮಿಡಿತವನ್ನು ಮಸೂರದ ಮೂಲಕ ಕಲ್ಲಿನ ಒಂದೇ ಚುಕ್ಕಿಗೆ ಇಳಿಸುತ್ತಾರೆ. ಕೆಲವೇ ನ್ಯಾನೋಸೆಕೆಂಡಿನ ಮಿಡಿತ. ಆದರೂ ಕೂದಲೆಳೆಯಷ್ಟು ಅಗಲದ ಜಾಗ ಆವಿಯಾಗಿ ಹತ್ತು ಸಾವಿರ ಡಿಗ್ರಿ ಆಸುಪಾಸಿನ ಪ್ಲಾಸ್ಮಾ ಏಳುತ್ತದೆ. ಅದರ ಮೊದಲ ಬೆಳಕು ಬರೀ ಬಿಳಿ, ಉಪಯೋಗಕ್ಕಿಲ್ಲ. ಸುಮಾರು ಒಂದು ಮೈಕ್ರೋಸೆಕೆಂಡು ಬಿಟ್ಟು ಹಿಡಿದರೆ ಒಂದೊಂದು ಧಾತುವಿನ ಗುರುತಾದ ನಿರ್ದಿಷ್ಟ ತರಂಗಾಂತರದ ಬೆಳಕಿನ ಗೆರೆಗಳು ಕಾಣುತ್ತವೆ: ಸಿಲಿಕಾನಿನದು 288.2 ನ್ಯಾನೋಮೀಟರ್, ಅಲ್ಯೂಮಿನಿಯಮ್ಮಿನದು 394.4 ಮತ್ತು 396.2.

ಲೇಸರ್ ನೋಡುವುದು ಒಂದೇ ಚುಕ್ಕಿಯನ್ನು, ಮುರಕಲ್ಲು ಕೈಕೊಡುವುದು ಇಲ್ಲಿಯೇ. ಕೆಂಪು ಭಾಗಕ್ಕೆ ಹೊಡೆದರೆ ಬರೀ ಕಬ್ಬಿಣ, ಪಕ್ಕದ ತೂತಿನ ಬಿಳಿ ಜೇಡಿಗೆ ಹೊಡೆದರೆ ಅಲ್ಯೂಮಿನಿಯಂ, ಸಿಲಿಕಾನ್. ಹಾಗಾಗಿ ಕಲ್ಲನ್ನು 105 ಡಿಗ್ರಿಯಲ್ಲಿ ಒಣಗಿಸಿ, 75 ಮೈಕ್ರಾನಿಗಿಂತ ನುಣ್ಣಗೆ ಅರೆದು, ಒತ್ತುಯಂತ್ರದಲ್ಲಿ ಬಿಲ್ಲೆ ಮಾಡಿಕೊಳ್ಳುವುದು ಒಳ್ಳೆಯದು. ತೇವ ಉಳಿದರೆ ಪ್ಲಾಸ್ಮಾ ಸೊರಗುತ್ತದೆ. ಪ್ರತಿ ಚುಕ್ಕಿಯ ಮೊದಲ ಕೆಲವು ಹೊಡೆತಗಳನ್ನು ಲೆಕ್ಕಕ್ಕೆ ಹಿಡಿಯಬಾರದು, ಅದು ಮೇಲ್ಮೈಯ ಕೊಳೆ. ಹೋಲಿಕೆಗೆ ಇಟ್ಟುಕೊಳ್ಳುವ ಮಾದರಿಯೂ ಮುರಕಲ್ಲೇ ಆಗಿರಬೇಕು. ಗ್ರಾನೈಟಿನ ಮಾದರಿಯಿಂದ ಲೆಕ್ಕ ಹಾಕಿದರೆ ಅಂಕಿ ನೋಡಲು ಚೆಂದ, ಆದರೆ ತಪ್ಪು. ಕಲ್ಲು ಬದಲಾದರೆ ಆವಿಯಾಗುವ ಪ್ರಮಾಣವೂ ಪ್ಲಾಸ್ಮಾದ ಬಿಸಿಯೂ ಬದಲಾಗುತ್ತವೆ.

ಇನ್ನೊಂದು ಮಾತು. ಲಿಬ್ಸ್ ಕಬ್ಬಿಣ ಇದೆ ಎನ್ನುತ್ತದೆ. ಅದು ಹೆಮಟೈಟೋ (ನೀರಿಲ್ಲದ ಕಬ್ಬಿಣದ ಖನಿಜ) ಗೋಥೈಟೋ (ನೀರಿನ ಅಂಶ ಕೂಡಿದ್ದು) ಎಂದು ಹೇಳಲು ರಾಮನ್ ರೋಹಿತ, ಅಂದರೆ ಲೇಸರ್ ಬೆಳಕು ಖನಿಜದಿಂದ ಚದುರುವ ಬಗೆಯನ್ನು ನೋಡುವ ಪರೀಕ್ಷೆ, ಬೇಕು. ಅಲ್ಲಿ ಒಂದು ದೊಡ್ಡ ಮೋಸವಿದೆ: ಸೂಕ್ಷ್ಮದರ್ಶಕದಡಿ ಲೇಸರಿನ ಬಿಸಿಗೆ ಗೋಥೈಟ್ ನೀರು ಕಳೆದುಕೊಂಡು ಹೆಮಟೈಟೇ ಆಗಿಬಿಡುತ್ತದೆ, ಕಲ್ಲಿನಲ್ಲಿ ಇಲ್ಲದ ಖನಿಜ ವರದಿಗೆ ಸೇರುತ್ತದೆ. ಲೇಸರಿನ ಬಲ ಒಂದು ಮಿಲಿವ್ಯಾಟಿನೊಳಗಿರಲಿ. ಅದೇ ಚುಕ್ಕಿಯನ್ನು ಎರಡು ಸಲ ಅಳೆಯಿರಿ. ರೋಹಿತದಲ್ಲಿ ಗೋಥೈಟಿನ 385ರ (ಸೆಂ.ಮೀ.⁻¹ ಲೆಕ್ಕದಲ್ಲಿ) ಸುಮಾರಿನ ಶೃಂಗ ಕುಗ್ಗಿ, ಹೆಮಟೈಟಿನ 225, 292ರಲ್ಲಿ ಹೊಸದು ಎದ್ದರೆ ಮಾದರಿ ಸುಡುತ್ತಿದೆ.

ಇಷ್ಟೆಲ್ಲ ಮಾಡಿದರೂ ತುಂಡು ಕೋರೆಯ ಯಾವ ಆಳದ್ದು ಎಂದು ಬರೆದಿಡದಿದ್ದರೆ ಭೂವಿಜ್ಞಾನಿಗೆ ಅಂಕಿಗಳಿಂದ ಏನೂ ಸಿಗದು. ಮೇಲಿನ ಗಟ್ಟಿ ಪದರದಿಂದ ಅಡಿಯ ಶೇಡಿ ಮಣ್ಣಿನವರೆಗೆ (ಮೆತ್ತನೆಯ ಜೇಡಿ) ಅಳತೆಪಟ್ಟಿ ಇಳಿಬಿಟ್ಟು, ಅರ್ಧರ್ಧ ಮೀಟರಿಗೆ ಒಂದೊಂದು ತುಂಡು ತೆಗೆದು, ಆಗಲೇ ಚೀಟಿ ಅಂಟಿಸಿ.