ನಮ್ಮ ಕಪ್ಪು ದ್ರಾಕ್ಷಿ ಬಿಟ್ಟು ಫ್ರಾನ್ಸ್ ತಳಿ ಯಾಕೆ?

ಪ್ರಶ್ನೆ: ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಹೋದರೆ ಎಲ್ಲಿ ನೋಡಿದರೂ ದ್ರಾಕ್ಷಿ ಚಪ್ಪರ. ಇಷ್ಟೊಂದು ಕಪ್ಪು ದ್ರಾಕ್ಷಿ ಪಕ್ಕದಲ್ಲೇ ಸಿಗುವಾಗ, ನಂದಿ ಬೆಟ್ಟದ ತಪ್ಪಲಿನ ವೈನ್ ತೋಟದವರು ಅದನ್ನು ಬಿಟ್ಟು ಫ್ರಾನ್ಸ್‌ನ ತಳಿಗಳನ್ನೇ ಯಾಕೆ ಬೆಳೆಯುತ್ತಾರೆ? ನಮ್ಮ ಹಣ್ಣಿನಲ್ಲಿ ಏನು ಕೊರತೆ?

ಉತ್ತರ: ದ್ರಾಕ್ಷಿ ಸುಗ್ಗಿ ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರ ದನಿಯಲ್ಲಿ ತುಸು ನೋವೂ ಇರುತ್ತದೆ, ನಮ್ಮೂರ ಹಣ್ಣನ್ನು ಯಾರೋ ಕೀಳಾಗಿ ಕಂಡರೇನೋ ಎಂಬಂತೆ. ಕೊರತೆ ಏನೂ ಇಲ್ಲ. ತಿನ್ನುವುದಕ್ಕೆ ಬೇಕಾದ ಗುಣವೇ ಬೇರೆ, ರೆಡ್ ವೈನಿಗೆ ಬೇಕಾದ ಗುಣವೇ ಬೇರೆ, ಅಷ್ಟೇ. ಒಂದೇ ಒಂದು ಹಣ್ಣು ಕೈಯಲ್ಲಿದ್ದರೂ ಇದನ್ನು ತೋರಿಸಬಹುದು.

ನೀವು ಹೇಳುವ ಕಪ್ಪು ದ್ರಾಕ್ಷಿಯ ಹೆಸರು ಬೆಂಗಳೂರು ಬ್ಲೂ. ಅದರ ಒಂದು ಹಣ್ಣನ್ನು ತೊಟ್ಟಿನಿಂದ ಬಿಡಿಸಿ, ಆ ತೂತನ್ನು ತುಟಿಗಿಟ್ಟು ಮೆಲ್ಲಗೆ ಒತ್ತಿ. ತಿರುಳು ಪುಳಕ್ಕನೆ ಬಾಯಿಗೆ ಜಾರುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಚಿಕ್ಕವರಿದ್ದಾಗ ನಾವೆಲ್ಲ ಹೀಗೇ ತಿಂದದ್ದು. ಆ ಸಿಪ್ಪೆಗಳನ್ನು ಜಗಲಿಯ ಗೋಡೆಗೆ ಸಾಲಾಗಿ ಅಂಟಿಸಿ ಅಜ್ಜಿಯ ಹತ್ತಿರ ಬೈಸಿಕೊಂಡ ನೆನಪು ನನಗಿನ್ನೂ ಇದೆ. ಇನ್ನೊಂದು ಹಣ್ಣನ್ನು ಹಾಗೇ ಒತ್ತಿ, ತಿರುಳನ್ನು ಬಿಳಿ ತಟ್ಟೆಗೆ ಬೀಳಿಸಿ ನೋಡಿ. ತಿಳಿ ಹಸಿರು, ಹೆಚ್ಚುಕಡಿಮೆ ಬಣ್ಣವೇ ಇಲ್ಲ. ಕಪ್ಪೆಲ್ಲ ಸಿಪ್ಪೆಯದು.

ರೆಡ್ ವೈನ್ ಎಂದರೆ ಈ ಸಿಪ್ಪೆಯ ವೈನ್. ಬಹುತೇಕ ಕಪ್ಪು ದ್ರಾಕ್ಷಿಯ ರಸ ಬಿಳಿಯೇ. ಹಣ್ಣು ಜಜ್ಜಿ ರಸ, ಸಿಪ್ಪೆ, ಬೀಜ ಮೂರನ್ನೂ ಒಟ್ಟಿಗೆ ಒಂದೆರಡು ವಾರ ಹುಳಿಯಲು ಬಿಟ್ಟರೆ ಸಿಪ್ಪೆಯ ಬಣ್ಣವೂ ಒಗರೂ ರಸಕ್ಕೆ ಇಳಿಯುತ್ತವೆ. ಹುದುಗು ಏಳುವಾಗ ಬರುವ ಅನಿಲ ಸಿಪ್ಪೆಯನ್ನೆಲ್ಲ ಮೇಲಕ್ಕೆ ದೂಡುತ್ತದೆ. ತೊಟ್ಟಿಯ ಬಾಯಲ್ಲಿ ದಪ್ಪನೆಯ ಕೆನೆಗಟ್ಟಿದ ಹಾಗೆ ಅದು ನಿಲ್ಲುತ್ತದೆ. ದಿನಕ್ಕೆ ಎರಡು ಮೂರು ಸಲ ಅದನ್ನು ಒಳಗೆ ಅದುಮಬೇಕು, ಇಲ್ಲವೇ ತಳದ ರಸವನ್ನು ಪಂಪಿನಿಂದ ಎತ್ತಿ ಅದರ ಮೇಲೆ ಸುರಿಯಬೇಕು. ನಾನೊಮ್ಮೆ ಅಂಥ ತೊಟ್ಟಿಯ ಪಕ್ಕ ನಿಂತಿದ್ದೆ. ಮೇಲೆ ಕೈ ಹಿಡಿದರೆ ಬೆಚ್ಚಗೆ, ಹೊಸದಾಗಿ ಉಕ್ಕಿದ ದೋಸೆಹಿಟ್ಟಿನ ಪಾತ್ರೆಯ ಬಳಿ ಇದ್ದಂತೆ.

ಹೀಗಿರುವಾಗ ತಿರುಳು ಕಡಿಮೆ, ಸಿಪ್ಪೆ ಜಾಸ್ತಿ ಇರುವ ಹಣ್ಣೇ ಲಾಭ. ಫ್ರಾನ್ಸ್‌ನ ಬೋರ್ಡೋ ಕಡೆಯ ಕ್ಯಾಬರ್ನೆ ಸೊವಿನ್ಯೋನ್ ಹಣ್ಣು ಬಟಾಣಿ ಕಾಳಿಗಿಂತ ತುಸು ದೊಡ್ಡದು, ಅಷ್ಟೇ. ಸಿಪ್ಪೆ ದಪ್ಪ, ಬೀಜ ಹೆಚ್ಚು. ತಿನ್ನಲು ಕೊಟ್ಟರೆ ಯಾರೂ ಎರಡನೆಯ ಸಲ ಕೈಚಾಚುವುದಿಲ್ಲ. ವೈನಿಗೆ ಅದೇ ಬೇಕು.

ಇಲ್ಲಿ ಕನ್ನಡದವರಿಗೆ ಒಂದು ಅನುಕೂಲವಿದೆ ಎಂದು ನಾನು ನಂಬಿದ್ದೇನೆ. ವೈನ್ ಬಲ್ಲವರು ಟ್ಯಾನಿನ್ ಎಂದು ಏನನ್ನು ಕರೆಯುತ್ತಾರೋ ಅದು ನಮ್ಮ ಒಗರು. ಷಡ್ರಸಗಳಲ್ಲಿ ಅದಕ್ಕೊಂದು ಜಾಗವನ್ನೇ ಕೊಟ್ಟವರು ನಾವು. ಎಳೆ ಅಡಿಕೆ, ಬಾಳೆಕಾಯಿ, ನೇರಳೆ ಹಣ್ಣು ತಿಂದ ನಾಲಿಗೆಗೆ ಅದರ ಪರಿಚಯ ಮಾಡಿಸಬೇಕಿಲ್ಲ. ಮೊದಲ ಸಲ ರೆಡ್ ವೈನ್ ಕುಡಿದು ‘ಕಹಿ’ ಎಂದು ಮುಖ ಸಿಂಡರಿಸುವವರಿಗೆ ನಾನು ಹೇಳುವುದಿಷ್ಟೇ: ಕಹಿ ಎನ್ನಬೇಡಿ, ಒಗರು ಎಂದುಕೊಂಡು ಇನ್ನೊಂದು ಗುಟುಕು ಕುಡಿದು ನೋಡಿ. ರುಚಿಗೆ ಸರಿಯಾದ ಹೆಸರು ಸಿಕ್ಕರೆ ಅರ್ಧ ಜಗಳ ಮುಗಿದಂತೆ.

ಇನ್ನು ವಾಸನೆ. ಬೆಂಗಳೂರು ಬ್ಲೂ ಅಮೆರಿಕ ಮೂಲದ ದ್ರಾಕ್ಷಿ ಜಾತಿಯ ರಕ್ತವಿರುವ ತಳಿ. ಇಸಬೆಲ್ಲಾ ಎಂದು ಲೋಕದಲ್ಲಿ ಹೆಸರಾದದ್ದರ ಬಳಗ. 2013ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಬುಟ್ಟಿಯನ್ನು ಮನೆಯೊಳಗೆ ತಂದಿಟ್ಟರೆ ಸಾಕು, ಅಡುಗೆಮನೆಯವರೆಗೂ ಘಮ್ಮೆನ್ನುತ್ತದಲ್ಲ, ಆ ಪರಿಮಳಕ್ಕೆ ಮುಖ್ಯ ಕಾರಣ ಮೀಥೈಲ್ ಆಂಥ್ರನಿಲೇಟ್ ಎಂಬ ಸಂಯುಕ್ತ. ದ್ರಾಕ್ಷಿ ಪೆಪ್ಪರಮೆಂಟಿಗೆ, ದ್ರಾಕ್ಷಿ ಸೋಡಾಕ್ಕೆ ಪರಿಮಳ ಕೊಡುವುದೂ ಅದೇ. ಹಣ್ಣಿನಲ್ಲಿ ಸೊಗಸು, ಜ್ಯೂಸಿನಲ್ಲಿ ಇನ್ನೂ ಸೊಗಸು. ಸಕ್ಕರೆಯೆಲ್ಲ ಹುಳಿದು ಹೋದ ವೈನಿನಲ್ಲಿ ಮಾತ್ರ ಅದೊಂದೇ ಎದ್ದು ನಿಂತು ಮಿಕ್ಕದ್ದನ್ನೆಲ್ಲ ಮುಚ್ಚಿಬಿಡುತ್ತದೆ. ಯುರೋಪಿನ ಒಕ್ಕೂಟದಲ್ಲಿ ಇಸಬೆಲ್ಲಾ ದ್ರಾಕ್ಷಿಯ ವೈನನ್ನು ಮಾರಾಟಕ್ಕೆ ತಯಾರಿಸಲು ಅನುಮತಿಯೇ ಇಲ್ಲ.

ಸಕ್ಕರೆಯ ಲೆಕ್ಕವೂ ಒಂದಿದೆ. ಕ್ಯಾಬರ್ನೆಯನ್ನು ರಸದ ಸಿಹಿ 23–24 ಬ್ರಿಕ್ಸ್ (ನೂರು ಗ್ರಾಂ ರಸದಲ್ಲಿ ಸುಮಾರು ಅಷ್ಟು ಗ್ರಾಂ ಸಕ್ಕರೆ) ಮುಟ್ಟಿದ ಮೇಲೆ ಕೊಯ್ಯುತ್ತಾರೆ. ಅಷ್ಟಿದ್ದರೆ ಹೊರಗಿನಿಂದ ಏನೂ ಸೇರಿಸದೆ ಸುಮಾರು ಶೇ 13ರ ಆಲ್ಕೋಹಾಲ್ ತಾನಾಗಿ ಬರುತ್ತದೆ. ಬೆಂಗಳೂರು ಬ್ಲೂನ ಸಿಹಿ ಅಷ್ಟು ದೂರ ಏರುವುದಿಲ್ಲ. ಕ್ರಿಸ್‌ಮಸ್‌ಗೆಂದು ಮನೆಯಲ್ಲಿ ವೈನ್ ಮಾಡುವವರು ಭರಣಿಗೆ ದ್ರಾಕ್ಷಿ, ಒಂದು ಹಿಡಿ ಗೋಧಿ, ಲವಂಗದ ಜೊತೆ ಕಿಲೋಗಟ್ಟಲೆ ಸಕ್ಕರೆ ಹಾಕುವುದು ಇದಕ್ಕೇ. ಆ ವೈನಿನ ಮೇಲೆ ನನಗೆ ಪ್ರೀತಿಯಿದೆ. ಪ್ಲಮ್ ಕೇಕಿನ ಜೊತೆ ಅದರಷ್ಟು ಹೊಂದುವ ಇನ್ನೊಂದನ್ನು ನಾನು ಕುಡಿದಿಲ್ಲ. ಆದರೆ ಅದು ಸಿಹಿ ಪಾನೀಯ. ನೀವು ಕೇಳಿದ ರೆಡ್ ವೈನಿನ ದಾರಿಯೇ ಬೇರೆ.

ನಂದಿ ಬೆಟ್ಟದ ತಪ್ಪಲಲ್ಲಿ ಈ ದಾರಿ ತೆರೆದದ್ದು ಗ್ರೋವರ್ ಕುಟುಂಬ. ಕನ್ವಲ್ ಗ್ರೋವರ್ ಮುಂಬೈಯ ಉದ್ಯಮಿ. ವ್ಯವಹಾರಕ್ಕೆಂದು ಫ್ರಾನ್ಸ್‌ಗೆ ಹೋಗಿ ಬರುತ್ತಾ ವೈನಿಗೆ ಮನಸೋತವರು. ಅಲ್ಲಿನ ಶಾಂಪೇನ್ ಸೀಮೆಯ ವೈನ್ ತಜ್ಞ ಜಾರ್ಜ್ ವೆಸೆಲ್ ಅವರನ್ನು ಜೊತೆ ಮಾಡಿಕೊಂಡು, ಯಾವ ಫ್ರೆಂಚ್ ತಳಿ ಇಲ್ಲಿ ಬದುಕೀತು ಎಂದು ವರ್ಷಗಟ್ಟಲೆ ನೆಟ್ಟು ನೋಡಿ, 1988ರಲ್ಲಿ ದೊಡ್ಡಬಳ್ಳಾಪುರ–ದೇವನಹಳ್ಳಿ ರಸ್ತೆಯ ರಘುನಾಥಪುರದ ಬಳಿ ತೋಟ ಮಾಡಿದರು. ವೈನ್ ಹೊರಬಂದದ್ದು 1992ರಲ್ಲಿ. ಮಗ ಕಪಿಲ್ ಗ್ರೋವರ್ ಕೈಜೋಡಿಸಿದರು. 1990ರ ದಶಕದ ನಡುವೆ ಬೋರ್ಡೋದ ಹೆಸರಾಂತ ಸಲಹೆಗಾರ ಮಿಶೆಲ್ ರೋಲಾಂ ಬಂದರು. ಆಗ ರೂಪುಗೊಂಡ ‘ಲಾ ರಿಸರ್ವ್’ ಎಂಬ ರೆಡ್, ಕ್ಯಾಬರ್ನೆಗೆ ಶಿರಾಜ್ ಎಂಬ ಇನ್ನೊಂದು ಫ್ರೆಂಚ್ ತಳಿ ಬೆರೆಸಿ ಫ್ರೆಂಚ್ ಓಕ್ ಪೀಪಾಯಿಯಲ್ಲಿ ಇಟ್ಟು ತೆಗೆದದ್ದು, ಇಂದಿಗೂ ಆ ತೋಟದ ಗುರುತು. 2012ರಲ್ಲಿ ನಾಸಿಕ್ ಕಡೆಯ ಸಂಸ್ಥೆಯೊಂದಿಗೆ ಸೇರಿ ಅದು ಗ್ರೋವರ್ ಜಂಪಾ ಆಯಿತು, ಹೊರಗಿನ ಬಂಡವಾಳವೂ ಬಂತು. ಹಂಪಿಯ ಸೀಮೆಯಲ್ಲಿ ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿ ತಮ್ಮಿಬ್ಬರ ಹೆಸರು ಕೂಡಿಸಿ ಕಟ್ಟಿದ ಕೃಸ್ಮಾ ತೋಟ ಇದಕ್ಕಿಂತ ಎಷ್ಟೋ ವರ್ಷ ಈಚಿನದು.

ಆದರೆ ಸಸಿ ತಂದು ನೆಟ್ಟ ಮಾತ್ರಕ್ಕೆ ಬೋರ್ಡೋ ಆಗುವುದಿಲ್ಲ. ನಾವಿರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ವೈನ್ ದ್ರಾಕ್ಷಿಯ ಹಳೆಯ ಸೀಮೆಗಳೆಲ್ಲ 30ರಿಂದ 50ರ ನಡುವೆ. ಅಲ್ಲಿ ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ನಿದ್ದೆ ಹೋಗುತ್ತದೆ. ಇಲ್ಲಿ ನಿದ್ದೆಯೇ ಇಲ್ಲ. ಹಾಗಾಗಿ ವರ್ಷಕ್ಕೆ ಎರಡು ಸಲ ಬಳ್ಳಿಯನ್ನು ಕತ್ತರಿಸಿ ಸವರುತ್ತಾರೆ. ವಿಜಯಪುರದ ಕಡೆಯ ಬೆಳೆಗಾರರ ಬಾಯಲ್ಲಿ ಅದು ಚಾಟ್ನಿ. ಏಪ್ರಿಲ್ ಚಾಟ್ನಿ ಕಡ್ಡಿ ಬಲಿಯಲಿ ಎಂದು, ಮಳೆ ಹಿಂದೆ ಸರಿಯುವಾಗಿನ ಅಕ್ಟೋಬರ್ ಚಾಟ್ನಿ ಹಣ್ಣಿಗೆಂದು. ಆಗ ಹಣ್ಣು ಮಾಗುವುದು ಜನವರಿಯಿಂದ ಮಾರ್ಚ್‌ವರೆಗೆ. ಹಗಲು ಬಿಸಿಲು, ರಾತ್ರಿ ತಂಪು, ಮಳೆಯ ಕಾಟವಿಲ್ಲ. ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿರುವ ನಂದಿ ತಪ್ಪಲಿನ ಕೆಂಪು ಮಣ್ಣಿನ ನೆಲವನ್ನು ಆರಿಸಿಕೊಂಡದ್ದು ಈ ರಾತ್ರಿಯ ತಂಪಿಗಾಗಿ. ರಾತ್ರಿ ತಣ್ಣಗಿದ್ದರೆ ಹಣ್ಣಿನ ಹುಳಿ ಪೂರ್ತಿ ಸೋರಿಹೋಗುವುದಿಲ್ಲ, ಸಿಪ್ಪೆಯ ಬಣ್ಣವೂ ಗಟ್ಟಿಯಾಗುತ್ತದೆ.

ರೈತರಿಗೆ ಒಪ್ಪಿಸಲು ತೀರಾ ಕಷ್ಟವಾದ ಮಾತು ಬೇರೆಯೇ ಇದೆ: ಇಳುವರಿ ಕಡಿಮೆ ಮಾಡಬೇಕು. ಬೆಂಗಳೂರು ಬ್ಲೂವನ್ನು ತಲೆಯ ಮೇಲೆ ಚಪ್ಪರ ಕಟ್ಟಿ ಹಬ್ಬಿಸುತ್ತಾರೆ, ವರ್ಷಕ್ಕೆ ಎರಡು ಬೆಳೆ ತೆಗೆಯುವವರೂ ಇದ್ದಾರೆ. ಗೊನೆ ಹೆಚ್ಚಿದಷ್ಟೂ ಹಣ. ವೈನ್ ತೋಟದಲ್ಲಿ ಬಳ್ಳಿಯನ್ನು ಬೇಲಿಯ ಹಾಗೆ ತಂತಿಗೆ ನೆಟ್ಟಗೆ ಕಟ್ಟಿ, ಗೊನೆಯ ಸುತ್ತಲಿನ ಎಲೆ ತೆಗೆದು, ಚೆನ್ನಾಗಿ ಬಿಟ್ಟ ಗೊನೆಗಳಲ್ಲೇ ಕೆಲವನ್ನು ಹಸಿಯಾಗಿರುವಾಗಲೇ ಕತ್ತರಿಸಿ ನೆಲಕ್ಕೆ ಹಾಕುತ್ತಾರೆ. ಉಳಿದವಕ್ಕೆ ಬಳ್ಳಿಯ ಸಾರವೆಲ್ಲ ಹೋಗಲಿ ಎಂದು. ಹಾಗೆ ಬಿದ್ದ ಹಸಿರು ಗೊನೆಗಳನ್ನು ಕಂಡು, ಜೊತೆಗೆ ಬಂದಿದ್ದ ನಮ್ಮ ಮಾವ, ಜೀವಮಾನವಿಡೀ ತೋಟ ಮಾಡಿದವರು, ಒಂದನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡು ‘ಇದು ಪಾಪ ಅಲ್ವೇನಪ್ಪಾ’ ಎಂದಿದ್ದರು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. 750 ಮಿಲಿಯ ಒಂದು ಬಾಟಲಿಗೆ ಒಂದು ಕಿಲೋಗಿಂತ ಹೆಚ್ಚು ಹಣ್ಣು ಬೇಕು ಎಂಬುದರ ಜೊತೆ ಈ ನೆಲಕ್ಕೆ ಬಿದ್ದದ್ದನ್ನೂ ಕೂಡಿಸಿದರೆ ಬೆಲೆಯ ಒಂದು ಪಾಲು ಅರ್ಥವಾಗುತ್ತದೆ.

ಇಷ್ಟೆಲ್ಲ ಆಗಿ ಬಂದ ಬಾಟಲಿಯನ್ನು ಬಹಳ ಮನೆಗಳಲ್ಲಿ ಕೆಡಿಸುವುದು ಸೆಕೆ. ‘ರೆಡ್ ವೈನ್ ರೂಮ್ ಟೆಂಪರೇಚರ್‌ನಲ್ಲೇ ಕುಡೀಬೇಕು’ ಎಂಬ ಮಾತು ಹುಟ್ಟಿದ್ದು ಯುರೋಪಿನ ತಣ್ಣನೆಯ ಕಲ್ಲುಮನೆಗಳಲ್ಲಿ. ಅಲ್ಲಿನ ಕೋಣೆ ಎಂದರೆ 16ರಿಂದ 18 ಡಿಗ್ರಿ. ಏಪ್ರಿಲ್ಲಿನಲ್ಲಿ ನಮ್ಮ ನಡುಮನೆ 30 ದಾಟಿರುತ್ತದೆ. ಆ ಬಿಸಿಗೆ ವೈನಿನ ಸ್ಪಿರಿಟ್ ಮೂಗಿಗೆ ರಾಚುತ್ತದೆ, ಹಣ್ಣಿನ ಪರಿಮಳ ಅಡಗುತ್ತದೆ. ಸಂಕೋಚವಿಲ್ಲದೆ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಅತಿ ತಣ್ಣಗಾದರೂ ಒಗರು ಮುಂದೆ ಬರುತ್ತದೆ. ಆಗ ಲೋಟ ಅಂಗೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕಾಯಿರಿ. ಮಿಕ್ಕದ್ದನ್ನು ಮುಚ್ಚಳ ಹಾಕಿ ಫ್ರಿಜ್‌ನಲ್ಲೇ ಇಟ್ಟರೆ ಮೂರು ದಿನ ತೊಂದರೆಯಿಲ್ಲ.

ಜೊತೆಗೆ ಏನು? ಒಗರಿಗೆ ಮಾಂಸದ ಪ್ರೋಟೀನು, ಕೊಬ್ಬು ಒಗ್ಗುತ್ತವೆ. ಹಾಗಾಗಿ ಖಾರ ಹದವಾಗಿರುವ ಮಟನ್ ಚಾಪ್ಸ್, ಇಲ್ಲವೇ ಕಾಳುಮೆಣಸಿನ ಕೊಡಗಿನ ಪಂದಿ ಕರಿ. ಶಿರಾಜ್ ಇರುವ ವೈನಾದರೆ ಮೆಣಸು ಇನ್ನೂ ಚೆನ್ನ. ಶಿರಾಜಿನಲ್ಲಿ ಮೂಗಿಗೆ ಬರುವ ಮೆಣಸಿನ ಘಾಟಿಗೆ ಕಾರಣ ರೊಟಂಡೋನ್ ಎಂದು 2008ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಕಂಡುಕೊಂಡರು. ನಮ್ಮ ಕರಿಮೆಣಸಿನಲ್ಲಿರುವುದೂ ಅದೇ ಸಂಯುಕ್ತ. ಹಸಿಮೆಣಸಿನಕಾಯಿಯ ಖಾರ ಬೇಡ, ಅದು ಒಗರನ್ನೂ ಆಲ್ಕೋಹಾಲನ್ನೂ ಉರಿಸಿ ಬಿಡುತ್ತದೆ. ಮಾಂಸ ತಿನ್ನದವರು ಎಣ್ಣೆ ಬಿಟ್ಟುಕೊಂಡ ಬದನೆಕಾಯಿ ಎಣಗಾಯಿಯ ಜೊತೆ ನೋಡಿ, ಶೇಂಗಾ ಎಳ್ಳಿನ ಜಿಡ್ಡು ಆ ಕೆಲಸವನ್ನು ಮಾಡುತ್ತದೆ.

ಬರುವ ಫೆಬ್ರವರಿಯಲ್ಲಿ ಬಿಡುವಾದರೆ ಒಂದು ಕೆಲಸ ಮಾಡಿ. ದೇವನಹಳ್ಳಿಯಲ್ಲಿ ಅರ್ಧ ಕಿಲೋ ಬೆಂಗಳೂರು ಬ್ಲೂ ಕೊಂಡುಕೊಳ್ಳಿ. ಅದನ್ನು ತಿನ್ನುತ್ತಾ ತೋಟ ನೋಡಲು ಹೋಗಿ, ಅಲ್ಲಿನವರನ್ನು ಕೇಳಿ ಬಳ್ಳಿಯ ಮೇಲಿನ ಒಂದು ಕ್ಯಾಬರ್ನೆ ಹಣ್ಣು ಬಿಡಿಸಿಕೊಳ್ಳಿ. ಇದನ್ನು ಒತ್ತಬೇಡಿ, ಸಿಪ್ಪೆ ಬೀಜ ಸಮೇತ ಅಗಿಯಿರಿ. ಮೊದಲು ಸಿಹಿ, ಅದರ ಬೆನ್ನಿಗೇ ಒಸಡು ಹಿಡಿಯುವ ಒಗರು. ಅಂಗೈಗೆ ಉಗುಳಿದ ಬೀಜ ಕಂದುಬಣ್ಣಕ್ಕೆ ತಿರುಗಿದ್ದರೆ ಕೊಯ್ಲು ಹತ್ತಿರ ಬಂದಿದೆ ಎಂದು ತಿಳಿಯಿರಿ.