ಇಬ್ಬರ ಪಾಲು: ಅರ್ಧರ್ಧ ಮಾಡಿದ್ರೆ ಸಾಲದು ಯಾಕೆ

ಒಬ್ರು ಎರಡು ಭಾಗ ಮಾಡೋದು, ಇನ್ನೊಬ್ರು ಆರಿಸ್ಕೊಳ್ಳೋದು. ಇಷ್ಟು ಹಳೇ ಪದ್ಧತಿ ಇನ್ನೂ ಹೋಗಿಲ್ಲ. ಬೈಬಲ್‌ನಲ್ಲಿ ಅಬ್ರಹಾಮ ಮತ್ತು ಅವನ ಸೋದರನ ಮಗ ಲೋಟ (Lot) ಭೂಮಿ ಹಂಚ್ಕೊಂಡು ಬೇರೆಯಾದಾಗ ಹೆಚ್ಚುಕಮ್ಮಿ ಹೀಗೇ ಮಾಡಿದ್ರು, 1982ರ ವಿಶ್ವಸಂಸ್ಥೆ ಸಮುದ್ರ ಕಾನೂನು ಒಪ್ಪಂದದಲ್ಲೂ ಇದೇ ಇದೆ: ಸಮುದ್ರದ ತಳದಲ್ಲಿ ಗಣಿಗಾರಿಕೆಗೆ ಅರ್ಜಿ ಹಾಕೋರು ಸಮಬೆಲೆಯ ಎರಡು ಜಾಗ ತೋರಿಸ್ಬೇಕು, ಅದರಲ್ಲಿ ಒಂದನ್ನ ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರ ಮೀಸಲಿಟ್ಕೊಳ್ಳತ್ತೆ.

1940ರ ದಶಕದಲ್ಲಿ ಪೋಲೆಂಡಿನ ಗಣಿತಜ್ಞರಾದ ಸ್ಟೈನ್‌ಹೌಸ್, ಬನಾಖ್, ಕ್ನಾಸ್ಟರ್ ಇದನ್ನ ಗಣಿತಕ್ಕೆ ತಂದ್ರು, ಆಮೇಲಿನ ದಶಕಗಳಲ್ಲಿ ಹೆಚ್ಚಿನ ತಲೆಬಿಸಿ ಮೂರು ಅಥವಾ ಅದಕ್ಕಿಂತ ಜಾಸ್ತಿ ಜನರ ಬಗ್ಗೆನೇ. ಇಬ್ಬರ ವಿಷಯ ಮಾತ್ರ ಬಗೆಹರಿದಿರ್ಲಿಲ್ಲ. ಭಾಗ ಮಾಡಿದವ್ರಿಗೆ ಗ್ಯಾರಂಟಿ ಇರೋದು ಅರ್ಧ ಅಷ್ಟೇ, ಆರಿಸೋರಿಗೆ ಅದಕ್ಕಿಂತ ಜಾಸ್ತಿ ಸಿಗ್ಬಹುದು, ಮೇಲಾಗಿ ಮನೆ ಕಾರುಗಳನ್ನ ಬೇಕಾದ ಹಾಗೆ ಕತ್ತರಿಸೋಕಾಗಲ್ಲ.

1990ರ ದಶಕದಲ್ಲಿ ಅಮೆರಿಕದ ರಾಜಕೀಯ ವಿಜ್ಞಾನಿ ಸ್ಟೀವನ್ ಬ್ರಾಮ್ಸ್, ಗಣಿತಜ್ಞ ಅಲನ್ ಟೇಲರ್ 'ಅಡ್ಜಸ್ಟೆಡ್ ವಿನ್ನರ್' ಅನ್ನೋ ಹಂಚಿಕೆ ವಿಧಾನ ತಂದ್ರು, 1999ರಲ್ಲಿ ಪೇಟೆಂಟೂ ಆಯ್ತು. ಇಬ್ಬರೂ ತಲಾ 100 ಪಾಯಿಂಟನ್ನ ವಸ್ತುಗಳ ಮೇಲೆ ಹಂಚ್ಬೇಕು. ಮೊದಲನೆಯವ್ರು ಮನೆಗೆ 60, ಪೇಂಟಿಂಗ್‌ಗೆ 30, ಕಾರಿಗೆ 10 ಕೊಟ್ರು ಅಂತಿಟ್ಕೊಳ್ಳಿ, ಎರಡನೆಯವ್ರು ಮನೆ 40, ಪೇಂಟಿಂಗ್ 10, ಕಾರು 50. ಯಾರು ಜಾಸ್ತಿ ಕೊಟ್ರೋ ಅವರಿಗೆ ಆ ವಸ್ತು. ಆಗ ಮೊದಲನೆಯವ್ರಿಗೆ 90, ಎರಡನೆಯವ್ರಿಗೆ 50 ಆಗತ್ತೆ, ಅದಕ್ಕೆ ಇಬ್ಬರ ಅಂಕಗಳ ಅನುಪಾತ ಎಲ್ಲಿ 1ಕ್ಕೆ ಹತ್ತಿರ ಇದೆಯೋ ಆ ವಸ್ತುವಿಂದ ಸರಿದೂಗಿಸ್ತಾರೆ, ಇಲ್ಲಿ ಅದು ಮನೆ. ಮನೆಯಲ್ಲಿ 60:40 ಪಾಲು ಮಾಡಿದ್ರೆ (ಮಾರಿ ದುಡ್ಡು ಹಂಚಿದ್ರೂ ಆಯ್ತು) ಇಬ್ಬರಿಗೂ 66! ಎಷ್ಟೇ ವಸ್ತು ಇದ್ರೂ ಹೀಗೆ ಒಡೆಯೋದು ಹೆಚ್ಚಂದ್ರೆ ಒಂದನ್ನ ಮಾತ್ರ. ಎಲ್ಲಾದಕ್ಕೂ ಮಾರ್ಕೆಟ್ ರೇಟ್ ಕಟ್ಟಿ ನೇರ ಅರ್ಧ ಮಾಡೋ ಲೆಕ್ಕಕ್ಕೆ, ಯಾರಿಗೆ ಯಾವುದರ ಮೇಲೆ ಜೀವ ಅನ್ನೋದೇ ಕಾಣಲ್ಲ, ಇಬ್ಬರಿಗೂ ಸಿಗ್ಬೇಕಾಗಿದ್ದ ಆ ಹೆಚ್ಚಿನ 16 ಸುಮ್ನೆ ಹೋಗತ್ತೆ.

ಆದ್ರೆ ಎದುರಿನವ್ರ ಅಂಕ ಮೊದಲೇ ಗೊತ್ತಿದ್ರೆ ಆಟ ಬೇರೆ. ಎರಡನೆಯವ್ರು ಬೇಕಂತಲೇ ಮನೆ 59, ಪೇಂಟಿಂಗ್ 29, ಕಾರು 12 ಅಂತ ಬರೆದ್ರೆ ಕಾರಿನ ಜೊತೆ ಮನೆಯಲ್ಲಿ ಸುಮಾರು ಮೂರನೇ ಎರಡು ಪಾಲು ಅವರದ್ದಾಗತ್ತೆ, ನಿಜವಾದ ಲೆಕ್ಕದಲ್ಲಿ 76 ಬಂತು, ಮೊದಲನೆಯವ್ರು 51ರ ಹತ್ರ ಬಂದು ನಿಂತ್ರು. ಬೇರೆಯಾಗೋ ಗಂಡ ಹೆಂಡತಿ, ಅಣ್ಣ ತಮ್ಮ ಅಂದ್ರೆ ಒಬ್ಬರ ಮನಸ್ಸು ಇನ್ನೊಬ್ಬರಿಗೆ ಚೆನ್ನಾಗೇ ಗೊತ್ತಿರತ್ತೆ, ಹಾಗಾಗಿ ಈ ತೊಂದ್ರೆ ಬರೀ ಪೇಪರ್ ಮೇಲಿನದ್ದಲ್ಲ. ಅದಕ್ಕೇ ಇಬ್ಬರೂ ಬೇರೆಬೇರೆ ಕೂತು ಬರೆದು, ಮುಚ್ಚಿದ ಕವರನ್ನ ಒಟ್ಟಿಗೇ ಕೊಡ್ಬೇಕು. ಅಷ್ಟಾದ್ಮೇಲೂ ಎದುರಿನವ್ರು ಏನೇ ಬರೀಲಿ, ನಿಜ ಬರೆದವ್ರಿಗೆ 50ಕ್ಕಿಂತ ಕಮ್ಮಿ ಬರಲ್ಲ.