ಪಾರ್ಟ್ನರ್ ಮಾಡ್ಕೊಳ್ಳೋಕೆ ಮುಂಚೆ ಅವನ ಉದ್ರಿ ಬುಕ್ ನೋಡಿ

ಪ್ರಶ್ನೆ: ಚಳ್ಳಕೆರೇಲಿ ಸಣ್ಣದಾಗಿ ಶೇಂಗಾ ಎಣ್ಣೆ ಗಾಣ ಹಾಕ್ಬೇಕು ಅಂತಿದೀನಿ, ದುಡ್ಡು ಸಾಲ್ತಿಲ್ಲ. ನಮ್ಮ ಭಾವ ಅರ್ಧ ಹಾಕ್ತೀನಿ ಅಂತಾರೆ. ದಾವಣಗೆರೇಲಿ ಕಿರಾಣಿ ಹೋಲ್‌ಸೇಲ್ ಇರೋ ಫ್ರೆಂಡೂ ಬರ್ತೀನಿ ಅಂತಾನೆ, ಆದ್ರೆ ಅವನ ಹತ್ರ ದುಡ್ಡು ಕಮ್ಮಿ. ಯಾರನ್ನ ಸೇರಿಸ್ಕೊಳ್ಳಲಿ?

ಬರೀ ದುಡ್ಡು ಬೇಕು ಅಂದ್ರೆ ಪಾರ್ಟ್ನರ್ ಯಾಕ್ರೀ, ಭಾವನ ಹತ್ರ ಸಾಲ ಅಂತ ತಗೊಂಡು ಬಡ್ಡಿ ಬರ್ದುಕೊಡಿ, ಹಬ್ಬದೂಟಕ್ಕೆ ಹೋದಾಗ ಮುಖ ನೋಡೋಕೂ ಈಸಿ. ಪಾರ್ಟ್ನರ್ ಅಂದ್ರೆ ಬೇರೆ ಲೆಕ್ಕ, 1932ರ ಪಾರ್ಟ್ನರ್‌ಶಿಪ್ ಕಾಯ್ದೆ ಪ್ರಕಾರ ಅವನು ಫರ್ಮ್ ಹೆಸರಲ್ಲಿ ಮಾಲು ಎತ್ತಿ ದುಡ್ಡು ಕೊಡ್ಲಿಲ್ಲ ಅಂದ್ರೆ ಮಾಲು ಕೊಟ್ಟೋರು ಪೂರ್ತಿ ಬಾಕೀನ ನಿಮ್ಮೊಬ್ರ ಹತ್ರಾನೇ ವಸೂಲಿ ಮಾಡ್ಬಹುದು, ನಿಮ್ಮ ಸ್ವಂತ ಆಸ್ತಿನೂ ಅದರಲ್ಲಿ ಸಿಕ್ಕಾಕೊಳ್ಳುತ್ತೆ. 2008ರ ಕಾಯ್ದೆಯ, ಪಾರ್ಟ್ನರ್ ಹೊಣೆಗೆ ಮಿತಿ ಇರೋ ಎಲ್‌ಎಲ್‌ಪಿ ಮಾಡಿದ್ರೆ ಈ ಭಯ ಕಮ್ಮಿ, ಆದ್ರೆ ವರ್ಷಾ ವರ್ಷಾ ಫೈಲಿಂಗ್ ಖರ್ಚಿದೆ.

ಅದಕ್ಕೇ ಫ್ರೆಂಡ್ ಉದ್ರಿ ಹೆಂಗೆ ನಿಭಾಯಿಸ್ತಾನೆ ನೋಡಿ. ಈ ಧಂದೆಲಿ ಸುಗ್ಗೀಲಿ ಶೇಂಗಾ ಹಿಡಿದಿಟ್ಕೊಳ್ಳೋಕೆ ಕ್ಯಾಶ್ ಬೇಕು, ಎಣ್ಣೆ ಅಂಗಡಿಗೆ ಹೋಗೋದು ಹಿಂಡಿ ಹಾಲಿನೋರಿಗೆ ಹೋಗೋದು ಬಹಳಷ್ಟು ಉದ್ರಿ ಮೇಲೆ. ಒಂದಿನ ಅವನ ಗಲ್ಲಾ ಪಕ್ಕ ಸುಮ್ನೆ ಕೂತ್ಕೊಳ್ಳಿ. ಹಳೇ ಬಾಕಿ ಇಟ್ಕೊಂಡು 'ಅಣ್ಣ ಇನ್ನೆರಡು ಟಿನ್ ಹಾಕು, ಸೋಮವಾರ ಕೊಡ್ತೀನಿ' ಅನ್ನೋ ಗಿರಾಕಿಗೆ ಏನಂತಾನೆ? ನಕ್ಕೊಂಡೇ ಹಳೇದು ಅರ್ಧ ಇಸ್ಕೊಂಡು ಮಾಲು ಕೊಟ್ರೆ ಇವನನ್ನ ಬಿಡ್ಬೇಡಿ. ದಾವಣಗೆರೆ ಮಂಡಿಪೇಟೆ ಮಾರ್ಕೆಟ್ಟಲ್ಲಿ ಅವನಿಗೆ ಮಾಲು ಕೊಡೋರನ್ನೂ ವಿಚಾರಿಸಿ, ಪೇಮೆಂಟ್ ಹೇಳಿದ ದಿನ ಬರುತ್ತಾ ಅಂತ. ಅಲ್ಲಿ ಯಾರೂ ಯಾರನ್ನೂ ಸುಮ್ಸುಮ್ನೆ ಹೊಗಳಲ್ಲ.

ಆಮೇಲೂ ಒಂದು ಸೀಸನ್ ಟಿನ್ನಿಗೆ ಇಷ್ಟು ಕಮಿಷನ್ ಅಂತ ಮಾರಿಸಿ ನೋಡಿ, ಡೀಡ್, ಅಂದ್ರೆ ಪಾರ್ಟ್ನರ್ ಕರಾರು ಪತ್ರ, ಆಮೇಲೆ.

ಡೀಡಲ್ಲಿ ಬರೀದಿದ್ರೆ ಯಾರು ಎಷ್ಟೇ ಬಂಡವಾಳ ಹಾಕಿರ್ಲಿ ಲಾಭ ನಷ್ಟ ಸಮಪಾಲು, ಬೆಳಗ್ಗಿಂದ ಗಾಣದ ಹತ್ರ ನಿಂತೋರಿಗೆ ಸಂಬಳಾನೂ ಇಲ್ಲ, ಸೋ ಎರಡೂ ಬರೆಸಿ. ಫರ್ಮ್ ರಿಜಿಸ್ಟರ್ ಮಾಡ್ಸಿ, ಇಲ್ದಿದ್ರೆ ಬಾಕಿ ಉಳಿಸಿದ ಅಂಗಡಿಯವರ ಮೇಲೆ ಫರ್ಮ್ ಹೆಸರಲ್ಲಿ ದಾವೆ ಹೂಡೋಕಾಗಲ್ಲ, ಉದ್ರಿ ಧಂದೆಯವರಿಗೆ ಇದಕ್ಕಿಂತ ತಲೆನೋವು ಇನ್ನೊಂದಿಲ್ಲ. ಬಿಟ್ಟು ಹೋಗೋ ಷರತ್ತೂ ಇರ್ಲಿ: ಸ್ಟಾಕಿಗೆ ಯಾವ ರೇಟು, ದುಡ್ಡು ಎಷ್ಟು ಕಂತಲ್ಲಿ. ಹೋಗುವಾಗ ಪಬ್ಲಿಕ್ ನೋಟಿಸ್ ಕೊಡೋದು ಮರೀಬೇಡಿ, ಕೊಡದಿದ್ರೆ ಅವನು ನಿಮ್ಮ ಪಾರ್ಟ್ನರ್ ಅಂತ ನಂಬಿ ಮಾಲು ಕೊಟ್ಟೋರು ಆಮೇಲೂ ನಿಮ್ಮ ಬಾಗಿಲಿಗೇ ಬರ್ತಾರೆ.